ಅಮೆರಿಕದ ಮಕ್ಕಳ ಫುಟ್‌ಬಾಲ್: ಶುಲ್ಕ ಕಟ್ಟಿದವರಿಗಷ್ಟೇ ಮೈದಾನ

ಅಮೆರಿಕದಲ್ಲಿ ಮಕ್ಕಳ ಫುಟ್‌ಬಾಲ್ ಬಹುಮಟ್ಟಿಗೆ ‘ಪೇ ಟು ಪ್ಲೇ’, ಅಂದರೆ ಕ್ಲಬ್ಬಿನ ಖರ್ಚನ್ನು ಪೋಷಕರ ಶುಲ್ಕದಿಂದಲೇ ತುಂಬಿಕೊಳ್ಳುವ ಪದ್ಧತಿಯ ಮೇಲೆ ನಿಂತಿದ್ದು, ತರಬೇತುದಾರರ ಸಂಬಳ, ಮೈದಾನದ ಬಾಡಿಗೆಯಷ್ಟೇ ಅಲ್ಲದೆ ಹೊರರಾಜ್ಯದ ಪಂದ್ಯಾವಳಿಗಳ ಪೆಟ್ರೋಲು, ಹೋಟೆಲ್ ವೆಚ್ಚವೂ ಮನೆಯವರ ಹೆಗಲಿಗೇ ಬೀಳುತ್ತದೆ. ಆಸ್ಪೆನ್ ಇನ್‌ಸ್ಟಿಟ್ಯೂಟ್‌ನ ಸಮೀಕ್ಷೆಯಂತೆ, ಮಗುವಿನ ಮುಖ್ಯ ಕ್ರೀಡೆಯೊಂದಕ್ಕೆ ಕುಟುಂಬ ಮಾಡುವ ಸರಾಸರಿ ವಾರ್ಷಿಕ ಖರ್ಚು 2019ರಿಂದ 2024ರ ವೇಳೆಗೆ ಶೇ 46ರಷ್ಟು ಏರಿ 1,016 ಡಾಲರ್ ಮುಟ್ಟಿತು. ಕಾರಿಲ್ಲದ, ವಾರಾಂತ್ಯದಲ್ಲೂ ದುಡಿಯುವ ಮನೆಯ ಮಗುವಿಗೆ ಶುಲ್ಕ ವಿನಾಯಿತಿ ದೊರೆತರೂ ಅಭ್ಯಾಸಕ್ಕೆ ಕರೆದೊಯ್ಯುವವರಿರುವುದಿಲ್ಲ; ಆಯ್ಕೆಗಾರರ ಕಣ್ಣಿಗೆ ಬೀಳುವ ಮೊದಲೇ ಪ್ರತಿಭೆ ಹೊರಗುಳಿಯುವುದು ನಿಜಕ್ಕೂ ಅನ್ಯಾಯ. ಆಟಗಾರನ ವರ್ಗಾವಣೆ ಶುಲ್ಕದಲ್ಲಿ ಶೇ 5ರಷ್ಟನ್ನು 12ರಿಂದ 23ರ ವಯಸ್ಸಿನಲ್ಲಿ ಅವನನ್ನು ತಿದ್ದಿದ ಕ್ಲಬ್‌ಗಳಿಗೆ ಹಂಚುವ ಫಿಫಾ ನಿಯಮ ಅಲ್ಲಿ ಬಹುಕಾಲ ಜಾರಿಯಾಗದಿದ್ದುದರಿಂದ, ಬಡ ಮಗುವನ್ನು ಉಚಿತವಾಗಿ ಬೆಳೆಸಿದ ಕ್ಲಬ್ಬಿಗೆ ಆ ಹಣವೂ ದಕ್ಕುತ್ತಿರಲಿಲ್ಲ.