ತೊಂಬತ್ತು ವರ್ಷದ ಮೇಲೆ ಮತ್ತೆ ಬ್ಲೋವರ್

ಈ ಹಸಿರು ಬೆಂಟ್ಲಿಯ ಮೂತಿಯಲ್ಲಿ ಚಾಚಿಕೊಂಡಿದೆಯಲ್ಲ, ಅದು ಸೂಪರ್‌ಚಾರ್ಜರ್. ಗಾಳಿ-ಪೆಟ್ರೋಲ್ ಮಿಶ್ರಣವನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಕಂಪನಿ ಕಟ್ಟಿದ ಡಬ್ಲ್ಯೂ. ಓ. ಬೆಂಟ್ಲಿಗೇ ಅದು ಒಪ್ಪಿಗೆ ಇರಲಿಲ್ಲ. ರೇಸರ್ ಟಿಮ್ ಬರ್ಕಿನ್ ಹಟ ಹಿಡಿದು ಮಾಡಿಸಿದ. 1930ರ ಫ್ರೆಂಚ್ ಗ್ರ್ಯಾನ್ ಪ್ರೀಯಲ್ಲಿ ‘ಬ್ಲೋವರ್’ ಎಂದು ಕರೆಯುವ ಇಂಥದೇ ಭಾರಿ ಕಾರು ಓಡಿಸಿ ಎರಡನೆಯವನಾದ!

ತೊಂಬತ್ತು ವರ್ಷದ ಮೇಲೆ ಬೆಂಟ್ಲಿಯವರು ಬರ್ಕಿನ್ ತಂಡದ ಎರಡನೇ ನಂಬರಿನ ಕಾರನ್ನು ಪೂರ್ತಿ ಬಿಚ್ಚಿದರು. ಬಿಡಿಭಾಗಗಳನ್ನೆಲ್ಲ ಲೇಸರಿನಿಂದ ಅಳೆದರು. ಅದೇ ಅಳತೆಗೆ 12 ಹೊಸ ಕಾರು. ಚಾಸಿಸ್ಸಿನ ಉಕ್ಕನ್ನು ಹಿಡಿದಿರುವುದು ಕಾಯಿಸಿ ಬಡಿದ ರಿವೆಟ್ಟುಗಳು; ಆ ವಿದ್ಯೆ ಬಲ್ಲವರು ಸಿಕ್ಕಿದ್ದು ಉಗಿಯಂತ್ರಗಳಿಗೆ ಬಾಯ್ಲರ್ ಮಾಡುವ ಕಾರ್ಖಾನೆಯಲ್ಲಿ. ಕಾರಿಗಿಂತ ಆ ಕೈಗಳ ಮೇಲೆಯೇ ನನಗೆ ಹೆಚ್ಚು ಗೌರವ. ಬಿಚ್ಚಿದ ಮೂಲ ಕಾರನ್ನೂ ಮತ್ತೆ ಜೋಡಿಸಿದ್ದಾರೆ.