‘ಸರ್ವರ್ ಇಲ್ಲ’ ಅನ್ನುವ ಮುಂಚೆ ತಾರೀಖು ನೋಡಿ

ಶಿರಾಳಕೊಪ್ಪದ ಬಸ್ ಸ್ಟ್ಯಾಂಡ್ ಆಸುಪಾಸಿನ ಜೆರಾಕ್ಸ್, ಆನ್‌ಲೈನ್ ಅಂಗಡಿಗಳಲ್ಲಿ ಮಳೆಗಾಲದುದ್ದಕ್ಕೂ ಕೇಳಿಬರುವ ಮಾತು ಒಂದೇ: ‘ಸರ್ವರ್ ಇಲ್ಲ, ನಾಳೆ ಬನ್ನಿ.’ ಪಹಣಿ ತೆಗೆಸಲು ಬಂದವರು, ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಲು ಬಂದವರು, ಮಗಳ ಸ್ಕಾಲರ್‌ಶಿಪ್ ಏನಾಯಿತು ಎಂದು ವಿಚಾರಿಸಲು ಬಂದವರು, ಎಲ್ಲರೂ ಆ ಮಾತಿಗೆ ತಲೆಯಾಡಿಸಿ ಬಸ್ಸು ಹತ್ತುತ್ತಾರೆ. ಸರ್ವರ್ ಇರುವುದು ಬೆಂಗಳೂರಿನಲ್ಲೆಲ್ಲೋ. ಇಲ್ಲ ಅಂದಮೇಲೆ ಯಾರ ಹತ್ತಿರ ಜಗಳ ಆಡುವುದು?

ಸರ್ವರ್ ನಿಜಕ್ಕೂ ಮಲಗಿರುವ ದಿನಗಳು ಇಲ್ಲದಿಲ್ಲ. ಆದರೆ ಎಷ್ಟೋ ಸಲ ಅದು ತನ್ನ ಪಾಡಿಗೆ ನಡೆಯುತ್ತಲೇ ಇರುತ್ತದೆ. ಒಳಗೆ ಬಿಡದೆ ಅಡ್ಡ ನಿಂತಿರುವುದು ಮೇಜಿನ ಮೇಲಿನ ಬ್ರೌಸರು. ‘ಯುವರ್ ಕನೆಕ್ಷನ್ ಈಸ್ ನಾಟ್ ಪ್ರೈವೇಟ್’ ಎಂಬ ಸಾಲು, ಕೆಂಪು ತ್ರಿಕೋನ, ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಕೋಡು. ಆ ಕೋಡನ್ನು ಓದುವವರು ಕಡಿಮೆ. ‘ಅಡ್ವಾನ್ಸ್ಡ್’ ಒತ್ತಿ, ಅದರಡಿಯ ‘ಪ್ರೊಸೀಡ್’ ಒತ್ತಿ ಮುಂದೆ ಹೋಗುವವರೇ ಹೆಚ್ಚು. ಆ ಸಣ್ಣ ಅಕ್ಷರದಲ್ಲೇ ರೋಗದ ಹೆಸರು ಇರುತ್ತದೆ ಎನ್ನುವುದು ನನ್ನ ವಾದ.

ಎಚ್‌ಟಿಟಿಪಿಎಸ್ ಎಂದು ಶುರುವಾಗುವ ಯಾವ ಪುಟ ತೆರೆಯಬೇಕಾದರೂ ಬ್ರೌಸರು ಮೊದಲು ಆ ತಾಣದ ಸರ್ಟಿಫಿಕೇಟು ತರಿಸಿಕೊಳ್ಳುತ್ತದೆ. ಅದರಲ್ಲಿರುವ ಹೆಸರು, ನೀವು ಹೋಗಬೇಕೆಂದ ತಾಣದ್ದೇ ಹೌದೇ? ಅದರ ಅವಧಿ ಶುರುವಾಗಿದೆಯೇ, ಮುಗಿದಿಲ್ಲ ತಾನೇ? ಅದಕ್ಕೆ ರುಜು ಹಾಕಿದವರು ತಾನು ನಂಬುವ ಪಟ್ಟಿಯಲ್ಲಿದ್ದಾರೆಯೇ? ಈ ಮೂರರಲ್ಲಿ ಒಂದು ತಪ್ಪಿದರೂ ಪುಟ ತೆರೆಯುವುದಿಲ್ಲ. ಕೋಡಿನಲ್ಲಿ ‘ಕಾಮನ್ ನೇಮ್ ಇನ್‌ವ್ಯಾಲಿಡ್’ ಎಂದಿದ್ದರೆ ಹೆಸರಿನ ತಕರಾರು. ‘ಡೇಟ್ ಇನ್‌ವ್ಯಾಲಿಡ್’ ಎಂದಿದ್ದರೆ ತಾರೀಖಿನದ್ದು. ‘ಅಥಾರಿಟಿ ಇನ್‌ವ್ಯಾಲಿಡ್’ ಎಂದಿದ್ದರೆ ರುಜು ಹಾಕಿದವರ ಮೇಲೆ ಅನುಮಾನ.

ನಮ್ಮ ಕಡೆ ಮೊದಲು ಅನುಮಾನಪಡಬೇಕಾದ್ದು ತಾರೀಖನ್ನು. ಮಲೆನಾಡಿನ ಸೆರಗಿನ ಊರಿದು. ಜುಲೈ ತಿಂಗಳಲ್ಲಿ ಕರೆಂಟು ಬಂದರೆ ಬಂತು, ಹೋದರೆ ಹೋಯಿತು. ಹಳೇ ಡೆಸ್ಕ್‌ಟಾಪ್‌ನ ಮದರ್‌ಬೋರ್ಡಿನಲ್ಲಿ ಸಿಆರ್2032 ಎಂಬ ಮೂರು ವೋಲ್ಟಿನ ಬಿಲ್ಲೆ ಸೆಲ್ ಇರುತ್ತದೆ. ಕರೆಂಟು ಇಲ್ಲದಾಗ ಗಡಿಯಾರ ಓಡಿಸುವುದು ಅದು. ಕೆಲವು ವರ್ಷಕ್ಕೆ ಅದರ ಜೀವ ಮುಗಿಯುತ್ತದೆ. ಯಂತ್ರಕ್ಕೆ ಕರೆಂಟು ಹರಿಯುತ್ತಿರುವಷ್ಟು ದಿನ ಯಾರಿಗೂ ತಿಳಿಯುವುದಿಲ್ಲ. ರಾತ್ರಿಯಿಡೀ ಕರೆಂಟು ಹೋಗಿ ಬೆಳಿಗ್ಗೆ ಶಟರ್ ಎತ್ತಿ ಸ್ವಿಚ್ ಹಾಕಿದರೆ, ಕಂಪ್ಯೂಟರು ತಾನು ಕಾರ್ಖಾನೆಯಿಂದ ಹೊರಬಿದ್ದ ಕಾಲಕ್ಕೆ ಮರಳಿರುತ್ತದೆ. ಅದರ ಲೆಕ್ಕದಲ್ಲಿ ಅವತ್ತು 2009ರ ಜನವರಿ 1. ಈಗಿನ ಸರ್ಟಿಫಿಕೇಟುಗಳೆಲ್ಲ ಅದಕ್ಕೆ ಇನ್ನೂ ಹುಟ್ಟದ ಕೂಸುಗಳು. ಹಾಗಾಗಿ ಬ್ಯಾಂಕೂ ಇಲ್ಲ, ಸೇವಾ ಸಿಂಧುವೂ ಇಲ್ಲ, ಇಮೇಲೂ ಇಲ್ಲ. ಎಚ್‌ಟಿಟಿಪಿಯಲ್ಲೇ ಉಳಿದಿರುವ ಯಾವುದೋ ಹಳೇ ತಾಣ ಮಾತ್ರ ಸಲೀಸಾಗಿ ತೆರೆಯುತ್ತದೆ. ಅದಕ್ಕೇ ‘ನೆಟ್ ಇದೆ, ಸರ್ವರ್ ಇಲ್ಲ’ ಎಂಬ ತೀರ್ಮಾನ.

ವಿಂಡೋಸು ಇಂಟರ್ನೆಟ್ಟಿನಿಂದ ಸಮಯ ತಂದುಕೊಳ್ಳುತ್ತದಲ್ಲ ಎಂದು ಕೇಳಬಹುದು. ತರುತ್ತದೆ. ಆದರೆ ಮನೆ, ಅಂಗಡಿಗಳ ಬಿಡಿ ಯಂತ್ರಗಳಲ್ಲಿ ಆ ಸೇವೆಗೆ ಒಂದು ಮಿತಿ ಹಾಕಿಟ್ಟಿದ್ದಾರೆ: ವ್ಯತ್ಯಾಸ 15 ಗಂಟೆಗಿಂತ ಹೆಚ್ಚಿದ್ದರೆ ಅದು ತಾನಾಗಿ ಕೈಹಾಕುವುದಿಲ್ಲ. ಐದು ನಿಮಿಷ ಹಿಂದೆ ಬಿದ್ದ ಗಡಿಯಾರ ತಾನೇ ಸರಿಹೋಗುತ್ತದೆ, ಹದಿನೈದು ವರ್ಷ ಹಿಂದೆ ಬಿದ್ದದ್ದು ಹಾಗೇ ಕೂತಿರುತ್ತದೆ. ಕೈಯಾರೆ ಸರಿಪಡಿಸುವವರೂ ಎಡವುವ ಜಾಗ ಒಂದಿದೆ. ಯಂತ್ರ ಅಮೆರಿಕದ ಕ್ರಮದಲ್ಲಿದ್ದರೆ ತಿಂಗಳು ಮೊದಲು, ದಿನ ಆಮೇಲೆ. ಜುಲೈ 3 ಎಂದುಕೊಂಡು 03/07 ಹಾಕಿದರೆ ಅದು ಮಾರ್ಚ್ 7 ಆಗಿರುತ್ತದೆ. ಗಂಟೆ, ನಿಮಿಷ ಸರಿಯಾಗಿ ಕಾಣುವುದರಿಂದ ತಾರೀಖನ್ನು ಯಾರೂ ಮತ್ತೆ ನೋಡುವುದಿಲ್ಲ. ವರ್ಷವನ್ನಂತೂ ಮೊದಲೇ ನೋಡುವುದಿಲ್ಲ.

ಪರಿಹಾರ ತೀರಾ ಅಗ್ಗದ್ದು. ಪ್ಲಗ್ ಕಿತ್ತು, ಪಕ್ಕದ ಮುಚ್ಚಳ ತೆಗೆದರೆ ಧೂಳಿನ ನಡುವೆ ಹೊಳೆಯುವ ಬಿಲ್ಲೆ ಕಾಣುತ್ತದೆ. ಅಂಚಿನ ಲೋಹದ ಕೊಂಡಿಯನ್ನು ಉಗುರಿನಿಂದ ಹಿಂದೆ ತಳ್ಳಿದರೆ ಸೆಲ್ ಮೇಲೇಳುತ್ತದೆ. ಹೊಸದನ್ನು ಪ್ಲಸ್ ಗುರುತು ಮೇಲಾಗಿ ಕೂರಿಸಬೇಕು. ವಾಚ್ ರಿಪೇರಿ ಅಂಗಡಿಯಲ್ಲೇ ಈ ಸೆಲ್ ಸಿಗುತ್ತದೆ. ಇದಕ್ಕಾಗಿ ವಿಂಡೋಸನ್ನೇ ಹೊಸದಾಗಿ ಹಾಕಿ ದುಡ್ಡು ಎಣಿಸಿಕೊಳ್ಳುವ ಮೆಕ್ಯಾನಿಕ್ಕುಗಳೂ ಇದ್ದಾರೆ. ಇನ್‌ಸ್ಟಾಲ್ ಮಾಡುವಾಗ ಅವರು ತಾರೀಖು ಸರಿಮಾಡುತ್ತಾರೆ, ಕಂಪ್ಯೂಟರು ನಡೆಯುತ್ತದೆ, ಮುಂದಿನ ಸಲ ದೀರ್ಘ ಹೊತ್ತು ಕರೆಂಟು ಹೋಗುವ ತನಕ.

ತಾರೀಖು ಹಿಡಿದು ದಾಖಲೆ ಅಳೆಯುವ ಕೆಲಸ ಈ ಸೀಮೆಗೆ ಹೊಸದಲ್ಲ. ಶಿಕಾರಿಪುರ ತಾಲ್ಲೂಕಿನ ಬೇಗೂರು, ಸೊರಬ ತಾಲ್ಲೂಕಿನ ಕುಪ್ಪಗಡ್ಡೆ, ಅವುಗಳ ಜೊತೆಗೆ ಗೌಜ ಅಗ್ರಹಾರ, ಇಲ್ಲೆಲ್ಲ ಸಿಕ್ಕ ತಾಮ್ರಪಟಗಳು ಒಂದು ಕಾಲಕ್ಕೆ ವಿದ್ವಾಂಸರನ್ನು ಬೆರಗುಗೊಳಿಸಿದ್ದವು. ಕೊಟ್ಟವನು ಯಾರು ಅಂದರೆ ಸಾಕ್ಷಾತ್ ಜನಮೇಜಯ ಚಕ್ರವರ್ತಿ, ಪರೀಕ್ಷಿತನ ಮಗ! ತುಂಗಭದ್ರಾ-ಹರಿದ್ರಾ ಸಂಗಮದಲ್ಲಿ ಸರ್ಪಯಾಗ ಮಾಡಿ ಬ್ರಾಹ್ಮಣರಿಗೆ ಅಗ್ರಹಾರ ಬಿಟ್ಟನಂತೆ. ಹೆಸರು ದೊಡ್ಡದು, ಬಿರುದಾವಳಿ ಭರ್ಜರಿ. ಆದರೆ ಬರೆದ ಲಿಪಿ ಮಹಾಭಾರತದ ಕಾಲಕ್ಕೆ ಹುಟ್ಟಿರಲೇ ಇಲ್ಲ. ಗೌಜದ ಪಟದಲ್ಲಿ ಸೂರ್ಯಗ್ರಹಣದ ಮಾತಿತ್ತು. ಇಂಗ್ಲೆಂಡಿನ ರಾಜಖಗೋಳಜ್ಞ ಜಾರ್ಜ್ ಏರಿ ಲೆಕ್ಕ ಹಾಕಿದಾಗ ಆ ಗ್ರಹಣ ಬಂದು ಕೂತದ್ದು 1521ರ ಏಪ್ರಿಲ್ 7ಕ್ಕೆ. ಆ ದಿನಾಂಕದ ಬಗ್ಗೆ ಆಮೇಲೆ ಬೇರೆ ಅಭಿಪ್ರಾಯಗಳು ಬಂದಿರಬಹುದು, ಜನಮೇಜಯನದ್ದಲ್ಲ ಎನ್ನುವುದರಲ್ಲಿ ಎರಡನೇ ಮಾತಿಲ್ಲ. ಶಾಸನತಜ್ಞ ಬಿ.ಎಲ್. ರೈಸ್ ಎಪಿಗ್ರಾಫಿಯಾ ಕರ್ನಾಟಿಕದ ಏಳು ಮತ್ತು ಎಂಟನೇ ಸಂಪುಟಗಳಲ್ಲಿ ಈ ಭಾಗದ ಶಾಸನಗಳನ್ನು ಅಚ್ಚು ಹಾಕಿಸಿದರು. ಸಾಚಾ ಶಾಸನಗಳ ಸಾಲಿನಲ್ಲಿ ಇಂಥ ಕೂಟಶಾಸನಗಳೂ ಅಲ್ಲಿವೆ. ತಾಳಗುಂದದ ಕಂಬಶಾಸನ, ಬಳ್ಳಿಗಾವೆಯ ನೂರಾರು ಸಾಲುಗಳು ಯಾವ ಮಣ್ಣಿನವೋ ಇವೂ ಅದೇ ಮಣ್ಣಿನವು. ಏರಿ ಗ್ರಹಣ ಹಿಡಿದು ಕೇಳಿದ ಪ್ರಶ್ನೆಯನ್ನೇ ಬ್ರೌಸರು ಪ್ರತಿ ಕ್ಲಿಕ್ಕಿಗೂ ಕೇಳುತ್ತದೆ. ಅದರ ಕೈಗೆ ತಪ್ಪು ಪಂಚಾಂಗ ಕೊಟ್ಟು ಕೂರಿಸಿದವರು ನಾವು.

ಕಂಪ್ಯೂಟರಿನ ತಾರೀಖು ಸರಿಯಿದ್ದೂ ಪುಟ ತೆರೆಯದಿದ್ದರೆ ಮೊಬೈಲಿನ ಡೇಟಾದಲ್ಲಿ ಅದೇ ತಾಣ ತೆರೆದು ನೋಡಿ. ಅಲ್ಲಿಯೂ ಇಲ್ಲವೆಂದರೆ ತಪ್ಪು ಆ ಕಡೆಯದ್ದು. ಅಲ್ಲಿ ತೆರೆದು ಇಲ್ಲಿ ತೆರೆಯದಿದ್ದರೆ, ಯಂತ್ರ ಹಳತಾಗಿರುವ ಸಂಭವ ಹೆಚ್ಚು. ವಿಂಡೋಸ್ ಎಕ್ಸ್‌ಪಿಯನ್ನು ಮೈಕ್ರೋಸಾಫ್ಟ್ 2014ರ ಏಪ್ರಿಲ್ 8ರಂದೇ ಕೈಬಿಟ್ಟಿತು, ವಿಂಡೋಸ್ 7ನ್ನು 2020ರ ಜನವರಿ 14ರಂದು. ಅದೇ 2020ರಲ್ಲಿ ದೊಡ್ಡ ಬ್ರೌಸರುಗಳು ಟಿಎಲ್‌ಎಸ್ 1.0, 1.1 ಎಂಬ ಹಳೇ ಗುಪ್ತಲಿಪಿ ಪದ್ಧತಿಗಳನ್ನೂ ನಿಲ್ಲಿಸಿದವು. ವಿಂಡೋಸ್ 7ಕ್ಕೆ ಬಂದ ಕ್ರೋಮ್‌ನ ಕೊನೆಯ ಆವೃತ್ತಿ 109. ಹಳೇ ಯಂತ್ರ ಬದಲಿಸಲು ಕೈ ಸಾಗದವರಿಗೆ ಫೈರ್‌ಫಾಕ್ಸ್‌ನ 115ನೇ ಇಎಸ್‌ಆರ್ ಆವೃತ್ತಿ ಒಂದಷ್ಟು ಕಾಲ ಆಸರೆಯಾಯಿತು. ಫೈರ್‌ಫಾಕ್ಸ್ ತಾನು ನಂಬುವವರ ಪಟ್ಟಿಯನ್ನು ಆಪರೇಟಿಂಗ್ ಸಿಸ್ಟಮ್ಮಿನಿಂದ ಕಡ ತರುವುದಿಲ್ಲ, ಜೊತೆಗೇ ಹೊತ್ತು ತರುತ್ತದೆ. 2021ರ ಸೆಪ್ಟೆಂಬರ್ 30ರಂದು ಈ ಗುಣ ಉಪಯೋಗಕ್ಕೆ ಬಂತು. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಉಚಿತ ಸಂಸ್ಥೆಯ ಸರ್ಟಿಫಿಕೇಟುಗಳಿಗೆ ಆಧಾರವಾಗಿದ್ದ ಹಳೇ ಬೇರು-ಸರ್ಟಿಫಿಕೇಟಿನ ಅವಧಿ ಅವತ್ತು ಮುಗಿಯಿತು. ಪ್ರಪಂಚದಾದ್ಯಂತ ಹಳೇ ಸಾಧನಗಳಿಗೆ ಎಷ್ಟೋ ತಾಣಗಳು ಏಕಾಏಕಿ ಮುಚ್ಚಿದ ಬಾಗಿಲಾದವು. 7.1.1ಕ್ಕಿಂತ ಹಿಂದಿನ ಆಂಡ್ರಾಯ್ಡ್ ಫೋನುಗಳ ಪಟ್ಟಿಯಲ್ಲಿ ಹೊಸ ಬೇರು ಇರಲಿಲ್ಲ. ಅವಕ್ಕಾಗಿ ಮಾಡಿದ್ದ ವಿಶೇಷ ಏರ್ಪಾಟೂ 2024ರ ಸೆಪ್ಟೆಂಬರಿಗೆ ಕೊನೆಗೊಂಡಿತು.

ನಂಬುವವರ ಪಟ್ಟಿ ಅಂದೆನಲ್ಲ, ಆ ಪಟ್ಟಿಯ ವಿಷಯದಲ್ಲಿ ನಮ್ಮ ದೇಶಕ್ಕೇ ಒಮ್ಮೆ ಮುಖಭಂಗವಾಗಿದೆ. 2014ರ ಜುಲೈ 2ರಂದು ಗೂಗಲ್‌ಗೆ ತನ್ನ ತಾಣಗಳ ಹೆಸರಿನಲ್ಲಿ ತಾನು ಕೇಳದೇ ಇದ್ದ ಸರ್ಟಿಫಿಕೇಟುಗಳು ಕಣ್ಣಿಗೆ ಬಿದ್ದವು. ಕೊಟ್ಟದ್ದು ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರ, ಅಂದರೆ ಎನ್‌ಐಸಿ. ಕರ್ನಾಟಕದ ಸುಮಾರು ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ‘ಭೂಮಿ’ ತಂತ್ರಾಂಶ ಬರೆದ ಸಂಸ್ಥೆಯೂ ಇದೇ. ಎನ್‌ಐಸಿಯ ರುಜುವಿಗೆ ಬೆನ್ನೆಲುಬಾಗಿದ್ದುದು ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಇರುವ ಸಿಸಿಎ ಎಂಬ ಕೇಂದ್ರ ಪ್ರಾಧಿಕಾರ. ಸಿಸಿಎ ಹೆಸರು ಮೈಕ್ರೋಸಾಫ್ಟಿನ ಪಟ್ಟಿಯಲ್ಲಿದ್ದುದರಿಂದ ವಿಂಡೋಸಿನ ಬಹುತೇಕ ಬ್ರೌಸರುಗಳು ಆ ನಕಲಿಗಳನ್ನು ಅಸಲಿ ಎಂದೇ ನಂಬುವ ಸ್ಥಿತಿಯಿತ್ತು. ಮರುದಿನವೇ ಸಿಸಿಎ ಎನ್‌ಐಸಿಯ ಸರ್ಟಿಫಿಕೇಟುಗಳನ್ನು ರದ್ದುಮಾಡಿತು. ತಪ್ಪಾಗಿ ಹೊರಟದ್ದು ನಾಲ್ಕು, ಮೂರು ಗೂಗಲ್‌ನವು, ಒಂದು ಯಾಹೂದ್ದು ಎಂದು ವರದಿ ಕೊಟ್ಟಿತು. ಬೇರೆಯವೂ ಕಂಡಿವೆ ಎಂದು ಗೂಗಲ್ ಹೇಳಿತು. ಕ್ರೋಮ್‌ನಲ್ಲಿ ಸಿಸಿಎ ರುಜು ಗವ್ ಡಾಟ್ ಇನ್, ನಿಕ್ ಡಾಟ್ ಇನ್ ಸೇರಿ ಬೆರಳೆಣಿಕೆಯ ಡೊಮೇನುಗಳಿಗೆ ಮಾತ್ರ ಎಂದು ಬೇಲಿ ಹಾಕಿತು. ಇದಕ್ಕೂ ಮೂರು ವರ್ಷ ಮೊದಲು ನೆದರ್ಲೆಂಡ್ಸಿನ ಡಿಜಿನೋಟಾರ್ ಎಂಬ ಸರ್ಟಿಫಿಕೇಟು ಕಂಪನಿ ಇಂಥದ್ದೇ ಪ್ರಕರಣದಲ್ಲಿ ದಿವಾಳಿಯೆದ್ದಿತ್ತು. ಅಲ್ಲಿ ಕನ್ನಹಾಕಿ ಸೃಷ್ಟಿಸಿಕೊಂಡ ನಕಲಿ ಸರ್ಟಿಫಿಕೇಟು ಬಳಸಿ ಇರಾನಿನ ಜಿಮೇಲ್ ಬಳಕೆದಾರರ ಮೇಲೆ ಕಣ್ಣಿಟ್ಟಿದ್ದರು. ಬೆಂಗಳೂರಿನ ಇಮುದ್ರ ಕಂಪನಿಯ ‘ಎಮ್‌ಸೈನ್’ ಬೇರುಗಳು ಈಗ ಬ್ರೌಸರುಗಳ ಪಟ್ಟಿಯಲ್ಲಿವೆ, ಅಷ್ಟರ ಮಟ್ಟಿಗೆ ಮುಖ ಉಳಿಯಿತು.

ಹಾಗಿರುವಾಗ ‘ಪ್ರೊಸೀಡ್’ ಒತ್ತುವ ಚಾಳಿ ಜನರಿಗೆ ಕಲಿಸಿದವರು ಯಾರು? ನನ್ನ ಮಟ್ಟಿಗೆ ಅಂಗಡಿಯ ಹುಡುಗರಿಗಿಂತ ದೊಡ್ಡ ಪಾಲು ಕೈಪಿಡಿಗಳದ್ದು. ಜಿಎಸ್‌ಟಿ ಲೆಕ್ಕಕ್ಕೆ ಡಿಜಿಟಲ್ ಸಹಿ ಹಾಕುವವರಿಗೆ ಎಮ್‌ಸೈನರ್ ಎಂಬ ತಂತ್ರಾಂಶ ಗೊತ್ತು. ಅದು ನಿಮ್ಮ ಯಂತ್ರದೊಳಗೇ ಒಂದು ಪುಟ್ಟ ಸರ್ವರ್ ನಡೆಸುತ್ತದೆ. ಸಹಿ ಕೈಕೊಟ್ಟಾಗ ಬ್ರೌಸರಿನಲ್ಲಿ 127.0.0.1:1585 ಎಂದು ಟೈಪಿಸಿ, ಎಚ್ಚರಿಕೆ ಬಂದರೆ ‘ಅಡ್ವಾನ್ಸ್ಡ್’, ‘ಪ್ರೊಸೀಡ್’ ಒತ್ತಿರಿ ಎಂಬುದೇ ಅದರ ಪ್ರಸಿದ್ಧ ಮದ್ದು. ಆ ವಿಳಾಸ ನಿಮ್ಮದೇ ಕಂಪ್ಯೂಟರಿನದ್ದು, ಅಲ್ಲಿ ಒತ್ತಿದರೆ ಅಪಾಯವಿಲ್ಲ. ಆದರೆ ಬೆರಳಿಗೆ ಅಭ್ಯಾಸವಾಗಿಬಿಟ್ಟಿತು. ಸಂಜೆ ಬ್ಯಾಂಕಿನ ಹೆಸರಿನಲ್ಲಿ ಬಂದ ಪುಟಕ್ಕೂ ಅದೇ ಬೆರಳು ಒತ್ತುತ್ತದೆ. ಅಸಲಿ ಬ್ಯಾಂಕು, ಜಿಮೇಲ್‌ಗಳಂಥ ಎಷ್ಟೋ ತಾಣಗಳಲ್ಲಿ ‘ಪ್ರೊಸೀಡ್’ ಬಟನ್ನೇ ಕಾಣುವುದಿಲ್ಲ. ಎಚ್‌ಎಸ್‌ಟಿಎಸ್ ಎಂಬ ಕಟ್ಟಪ್ಪಣೆಯಿಂದ ಆ ತಾಣಗಳೇ ಹಾಗೆ ಮಾಡಿಟ್ಟಿರುತ್ತವೆ. ಬಟನ್ ಇಲ್ಲವೆಂದು ಬ್ರೌಸರನ್ನು ಬೈದು ಬೇರೆ ಬ್ರೌಸರ್ ಹಾಕಿಸಿಕೊಳ್ಳುವವರಿಗೆ ಏನು ಹೇಳುವುದು!

ಅದರ ಎದುರು ತುದಿಯ ನಂಬಿಕೆಯೂ ಅಷ್ಟೇ ಪೊಳ್ಳು. ಬೀಗದ ಚಿತ್ರ ಇದ್ದರೆ ತಾಣ ಸಾಚಾ ಎಂದು ವರ್ಷಗಟ್ಟಲೆ ಹೇಳಿಕೊಟ್ಟರು. ಸರ್ಟಿಫಿಕೇಟು ಪುಕ್ಕಟೆ ಸಿಗುವಾಗ ಮೋಸಗಾರನೂ ತನ್ನ ತಾಣಕ್ಕೆ ಬೀಗ ಹಾಕಿಕೊಳ್ಳುತ್ತಾನೆ. ಬೀಗ ಹೇಳುವುದು ದಾರಿಯಲ್ಲಿ ಯಾರೂ ಕದ್ದು ಓದುತ್ತಿಲ್ಲ ಎಂದಷ್ಟೇ. ಒಳಗಿರುವವರು ಒಳ್ಳೆಯವರು ಎಂದಲ್ಲ. ಕ್ರೋಮ್ 2023ರ ಸೆಪ್ಟೆಂಬರಿನಲ್ಲಿ ಆ ಬೀಗವನ್ನೇ ಕಿತ್ತು ಬೇರೊಂದು ಗುರುತು ಇಟ್ಟಿತು. ತಾಣದ ಹೆಸರಿನ ಕೊನೆಯಲ್ಲಿ ಕರ್ನಾಟಕ ಡಾಟ್ ಗವ್ ಡಾಟ್ ಇನ್ ಇದೆಯೇ ಎಂದು ಕಣ್ಣಾಡಿಸುವುದು ಬೀಗಕ್ಕಿಂತ ಮೇಲು.

ಇನ್ನೆರಡು ಸಣ್ಣ ಕಾರಣಗಳು ಬೇಗ ಮುಗಿಯುತ್ತವೆ. ಲಾಡ್ಜು, ಆಸ್ಪತ್ರೆಗಳ ಉಚಿತ ವೈಫೈ ಲಾಗಿನ್ ಪುಟ ತೋರಿಸುವ ಸಲುವಾಗಿ ನಡುವೆ ಕೈ ಹಾಕಿ, ಹೆಸರು ಹೊಂದದ ಸರ್ಟಿಫಿಕೇಟು ಮುಂದೊಡ್ಡಬಹುದು. ವೈಫೈಗೆ ಲಾಗಿನ್ ಆಗಿ ಮತ್ತೆ ಪ್ರಯತ್ನಿಸಿದರೆ ಸಾಕು. ಕೆಲವು ಆಂಟಿವೈರಸ್‌ಗಳು ಸುರಕ್ಷಿತ ಪುಟಗಳನ್ನೂ ಬಿಚ್ಚಿ ನೋಡುವುದಕ್ಕೆ ತಮ್ಮದೇ ಬೇರು-ಸರ್ಟಿಫಿಕೇಟು ನೆಡುತ್ತವೆ. ಅದರ ಚಂದಾ ಮುಗಿದಾಗಲೋ ಅರೆಬರೆ ತೆಗೆದುಹಾಕಿದಾಗಲೋ ಎಲ್ಲ ತಾಣಕ್ಕೂ ‘ಅಥಾರಿಟಿ ಇನ್‌ವ್ಯಾಲಿಡ್’ ಬರಬಹುದು. ಎಲ್ಲ ತಾಣಕ್ಕೂ ಅದೇ ಕೋಡು, ತಾರೀಖು ಮಾತ್ರ ಸರಿ ಅಂದರೆ ಅನುಮಾನ ಅತ್ತ ಹೋಗಬೇಕು.

ಒಂದೇ ಒಂದು ಸರ್ಕಾರಿ ತಾಣ ಮಾತ್ರ, ಎಲ್ಲರ ಯಂತ್ರದಲ್ಲೂ ‘ಡೇಟ್ ಇನ್‌ವ್ಯಾಲಿಡ್’ ಅಂದರೆ ಅಲ್ಲಿಯ ಸರ್ಟಿಫಿಕೇಟನ್ನು ನವೀಕರಿಸಲು ಯಾರೋ ಮರೆತಿದ್ದಾರೆ. ಕೌಂಟರಿನಲ್ಲಿ ಕೂತವರು ಅದನ್ನು ಸರಿಮಾಡಲಾರರು, ಆದರೆ ಸರಿಯಾಗಿ ದೂರು ಕೊಡಬಲ್ಲರು. ವಿಳಾಸಪಟ್ಟಿಯ ಎಡತುದಿಯ ಗುರುತು ಒತ್ತಿ ಸರ್ಟಿಫಿಕೇಟು ತೆರೆದರೆ ಅದು ಮುಗಿದ ದಿನ, ಗಂಟೆ ಎರಡೂ ಇರುತ್ತವೆ. ಅದರ ಫೋಟೋ ತೆಗೆದು ಸಹಾಯವಾಣಿಗೆ ಕಳಿಸಿದರೆ, ‘ಓಪನ್ ಆಗ್ತಿಲ್ಲ ಸಾರ್’ ಅನ್ನುವ ಹತ್ತು ಫೋನಿಗಿಂತ ಬೇಗ ಕೆಲಸ ಆಗುತ್ತದೆ. ಮುಂದೆ ಈ ದೂರುಗಳು ಕಡಿಮೆಯಾಗುವ ಲಕ್ಷಣ ಇಲ್ಲ. 2020ರ ಸೆಪ್ಟೆಂಬರಿನಿಂದ ಒಂದು ಸರ್ಟಿಫಿಕೇಟಿನ ಗರಿಷ್ಠ ಆಯುಸ್ಸು 398 ದಿನ ಆಗಿತ್ತು. ಬ್ರೌಸರು ಮತ್ತು ಸರ್ಟಿಫಿಕೇಟು ಕಂಪನಿಗಳ ಒಕ್ಕೂಟ 2025ರ ಏಪ್ರಿಲ್‌ನಲ್ಲಿ ಒಪ್ಪಿದಂತೆ ಅದು 2026ರ ಮಾರ್ಚ್ 15ರಿಂದ 200, ಮರುವರ್ಷ ಅದೇ ದಿನದಿಂದ 100, 2029ರ ಮಾರ್ಚ್ 15ರಿಂದ ಕೇವಲ 47. ಆಗ ಅಂಗಡಿಯ ಗಡಿಯಾರ ವರ್ಷಗಟ್ಟಲೆ ಹಿಂದೆ ಬೀಳಬೇಕಾಗಿಲ್ಲ. ಎರಡು ತಿಂಗಳು ಹಿಂದೆ ಬಿದ್ದರೂ ಸುರಕ್ಷಿತ ಪುಟ ಒಂದೂ ತೆರೆಯುವುದಿಲ್ಲ.