ತ್ರಿಕೋನ ಗಾಜಿನ ರಬ್ಬರು

ಮುಂಗಾರಿನ ಮೊದಲ ಜಡಿಮಳೆಯ ಮರುದಿನ ಪ್ರೀಮಿಯರ್ ಪದ್ಮಿನಿಯ ಬಾಗಿಲು ತೆರೆದರೆ ಮೂಗಿಗೆ ಬಡಿಯುವುದು ಬೂಷ್ಟಿನ ವಾಸನೆ. ಕಾಲಡಿಯ ಚಾಪೆ ಎತ್ತಿದರೆ ತೇವ. ಎಲ್ಲರೂ ಎದುರಿನ ದೊಡ್ಡ ಗಾಜಿನ ಮೇಲೆ ಅನುಮಾನ ಪಡುತ್ತಾರೆ. ನಾನು ಮೊದಲು ನೋಡುವುದು ಮುಂಬಾಗಿಲಿನ ಪುಟ್ಟ ತ್ರಿಕೋನ ಗಾಜನ್ನು. ಎ.ಸಿ. ಇಲ್ಲದ ಕಾಲದಲ್ಲಿ ಓಡುವ ಕಾರಿನೊಳಕ್ಕೆ ಗಾಳಿಯನ್ನು ತಿರುಗಿಸಿ ತರುತ್ತಿದ್ದುದು ಅದೇ. 1964ರಿಂದ ಫಿಯೆಟ್ 1100 ಡಿಲೈಟ್ ಎಂದು ಮುಂಬೈಯ ಕುರ್ಲಾದಲ್ಲಿ ತಯಾರಾಗಿ, 1970ರ ದಶಕದಲ್ಲಿ ಪದ್ಮಿನಿ ಎನಿಸಿಕೊಂಡ ಈ ಕಾರನ್ನು ನಮ್ಮವರು ಇಂದಿಗೂ ಫಿಯೆಟ್ ಎಂದೇ ಕರೆಯುತ್ತಾರೆ.

ಆ ಗಾಜಿನ ಸುತ್ತಲಿನ ಹಳೆಯ ರಬ್ಬರು ಪಟ್ಟಿಯನ್ನು, ಅಂದರೆ ಬೀಡಿಂಗನ್ನು, ಕೀಳುವ ಆತುರ ಬೇಡ. ಭೂತಗನ್ನಡಿ ಹಿಡಿದು ನಿಧಾನವಾಗಿ ನೋಡಬೇಕು. ಬಿಸಿಲಿಗೆ ಮುಖ ಮಾಡಿದ ಬದಿಯಲ್ಲಿ ರಬ್ಬರು ಬೂದಿಬಣ್ಣಕ್ಕೆ ತಿರುಗಿರುತ್ತದೆ, ಮುಟ್ಟಿದರೆ ಬೆರಳಿಗೆ ಪುಡಿ ಹತ್ತುತ್ತದೆ. ಅಲ್ಲಿನ ಬಿರುಕುಗಳಿಗೆ ದಿಕ್ಕುದೆಸೆಯಿಲ್ಲ, ಒಣಗಿದ ಕೆರೆಯಂಗಳದಂತೆ ಎತ್ತೆತ್ತಲೋ ಹರಡಿರುತ್ತವೆ. ಮೂಲೆಗೆ ಬಂದರೆ ಬೇರೆಯದೇ ನೋಟ. ಬಾಗಿ ಹಿಗ್ಗಿದ ಆ ಜಾಗದಲ್ಲಿ ಬಿರುಕುಗಳು ಒತ್ತೊತ್ತಾಗಿ, ಹಿಗ್ಗಿದ ದಿಕ್ಕಿಗೆ ಸರಿಯಾಗಿ ಅಡ್ಡಡ್ಡ ಬಿದ್ದಿರುತ್ತವೆ. ಇದು ಗಾಳಿಯಲ್ಲಿರುವ ಅತ್ಯಲ್ಪ ಓಜೋನಿನ ಕೆಲಸ. ಸದಾ ನೆರಳಲ್ಲಿ ನಿಲ್ಲಿಸಿದ ಗಾಡಿಯನ್ನೂ ಅದು ಬಿಡುವುದಿಲ್ಲ. ಆದರೆ ಹಿಗ್ಗದೆ ಸುಮ್ಮನಿರುವ ರಬ್ಬರನ್ನು ಹೀಗೆ ಸೀಳುವುದಿಲ್ಲ. ನೀರು ಮೂಲೆಯಿಂದಲೇ ಇಳಿಯಲು ಇದೇ ಕಾರಣ.

ಸುಳ್ಯ, ಪುತ್ತೂರಿನ ರಬ್ಬರು ತೋಟಗಳಲ್ಲಿ ನಸುಕಿನಲ್ಲಿ ತೊಗಟೆ ಕೆತ್ತಿದಾಗ ಚಿಪ್ಪಿಗೆ ಇಳಿಯುವ ಹಾಲನ್ನು ನೋಡಿದವರಿಗೆ ಈ ಬಿರುಕಿನ ಮೂಲ ಅಲ್ಲೇ ಇದೆ ಎಂದರೆ ಅಚ್ಚರಿಯಾದೀತು. ರಬ್ಬರಿನ ಉದ್ದುದ್ದ ಅಣುಸರಪಳಿಗಳಲ್ಲಿ ಇಂಗಾಲದ ದ್ವಿಬಂಧಗಳಿವೆ. ಗಂಧಕ ಬೆರೆಸಿ ಕಾಯಿಸಿ ಗಟ್ಟಿ ಮಾಡಿದ ಮೇಲೂ ಅವುಗಳಲ್ಲಿ ಬಹುಪಾಲು ಹಾಗೇ ಉಳಿಯುತ್ತವೆ. ಓಜೋನ್ ಕತ್ತರಿಸುವುದು ಅಲ್ಲಿಯೇ. ಇಪಿಡಿಎಂ ಎಂಬ ಕೃತಕ ರಬ್ಬರಿನ ಮುಖ್ಯ ಸರಪಳಿಯಲ್ಲಿ ದ್ವಿಬಂಧಗಳಿಲ್ಲ. ಆದ್ದರಿಂದ ಹೊಸ ಬೀಡಿಂಗ್ ಕೊಳ್ಳುವಾಗ ನಾನು ಕೇಳುವುದು ಅದನ್ನೇ.

ಬಾಗಿಲಿನ ತಳವನ್ನೂ ಬಗ್ಗಿ ನೋಡಬೇಕು. ಒಳಗಿಳಿದ ನೀರು ಹೊರಹೋಗಲೆಂದು ಅಲ್ಲಿ ಸಣ್ಣ ತೂತುಗಳಿರುತ್ತವೆ. ನಾನು ನೋಡಿದ ಒಂದು ಗಾಡಿಯಲ್ಲಿ ಅಂಥ ತೂತಿಗೆ ಕಣಜ ಕೆಮ್ಮಣ್ಣು ಮೆತ್ತಿತ್ತು. ಮೆಲ್ಲಗೆ ಒಡೆದರೆ ಒಳಗೆ ಪುಟ್ಟ ಜೇಡಗಳ ರಾಶಿ, ಅವುಗಳ ನಡುವೆ ಹಳದಿ ಮರಿಹುಳು. ಜೇಡಗಳು ಸತ್ತಿರಲಿಲ್ಲ. ತಾಯಿ ಕಣಜ ಕುಟುಕಿ ಮರಗಟ್ಟಿಸಿದ್ದರಿಂದ ಮರಿಗೆ ಕೊಳೆಯದ ಊಟ. ನೀರು ಹೊರಹೋಗದೆ ಬಾಗಿಲಿನ ಒಳತಗಡಿಗೆ ಮಾತ್ರ ತುಕ್ಕು ಹಿಡಿದಿತ್ತು. ಮೇಲಿನ ರಬ್ಬರು ಬದಲಿಸಿ ಕೆಳಗಿನ ತೂತು ಮರೆತರೆ ಮಾಡಿದ ಕೆಲಸ ಅರ್ಧವೇ.

ಸಾಮಾನು ಹುಡುಕುವುದಕ್ಕೂ ಇಷ್ಟೇ ತಾಳ್ಮೆ ಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬೀಡಿಂಗ್ ಕೇಳಿದರೆ ಅಂಗಡಿಯವರ ಮೊದಲ ಮಾತು, ‘ಸ್ಯಾಂಪಲ್ ತಂದಿದ್ದೀರಾ ಸಾರ್?’ ಆ ಪ್ರಶ್ನೆ ನ್ಯಾಯವಾದದ್ದು. ಎಡಗಡೆಯ ರಬ್ಬರು ಬಲಗಡೆಗೆ ಕೂರುವುದಿಲ್ಲ. ಅಡಿ ಲೆಕ್ಕದಲ್ಲಿ ಸಿಗುವ ಪಟ್ಟಿಯನ್ನು ಮೂಲೆಯಲ್ಲಿ ಕತ್ತರಿಸಿ ಅಂಟಿಸಿದರೆ ಮುಂದಿನ ಮಳೆಗೆ ಆ ಕೂಡಿಕೆಯೇ ಸೋರುತ್ತದೆ. ಮೂಲೆ ಅಚ್ಚಿನಲ್ಲೇ ಮೂಡಿರಬೇಕು. ಚಿಲಕ, ಗಾಜು ತಿರುಗುವ ಪಿನ್ನು, ಅದರ ಬುಡದ ಸ್ಪ್ರಿಂಗು ಹೊಸದಾಗಿ ಸಿಗದಿದ್ದರೆ ಶಿವಾಜಿನಗರದ ಗುಜರಿ ಇದೆ. ಸ್ಪ್ರಿಂಗು ಸಡಿಲಾದರೆ ಅರ್ಧ ತೆರೆದ ಗಾಜು ಗಾಳಿಯ ರಭಸಕ್ಕೆ ತಾನೇ ತಿರುಗಿಬಿಡುತ್ತದೆ.

ಕೂರಿಸುವಾಗ ಸೋಪಿನ ನೀರು ಸಾಕು. ಗ್ರೀಸು, ಪೆಟ್ರೋಲು ರಬ್ಬರನ್ನು ಉಬ್ಬಿಸುತ್ತವೆ. ಕೂರಿಸಿದ ಮೇಲೆ ಗಾಜಿನ ಅಂಚಿಗೆ ಸೀಮೆಸುಣ್ಣ ತಿಕ್ಕಿ ಮುಚ್ಚಿ ತೆರೆಯಿರಿ. ರಬ್ಬರಿನ ಮೇಲೆ ಬಿಳಿಗೆರೆ ಎಲ್ಲಿ ಕಡಿದಿದೆಯೋ ಅಲ್ಲೇ ನೀರಿನ ದಾರಿ. ಹಳೆಯ ತುಂಡನ್ನು ಮಾತ್ರ ಎಸೆಯಬೇಡಿ. ಅದು ಎಷ್ಟೇ ಬಿರಿದಿರಲಿ, ‘ಎಡ’, ‘ಬಲ’ ಎಂದು ಚೀಟಿ ಕಟ್ಟಿ ಎತ್ತಿಡಿ. ಮುಂದೆ ಅಚ್ಚು ಮಾಡಿಸಬೇಕಾಗಿ ಬಂದವರಿಗೆ ಅಳತೆ ಸಿಗುವುದು ಅದರಿಂದಲೇ.